ಮೊಗ್ಲಿಂಗ್ ಪಾದ್ರಿಯೂ ನಮ್ಮ ಹಿರಿಯರ ದೈವಗಳೂ

ಜುಲೈ 1 ಬಂದರೆ ಕನ್ನಡ ಪತ್ರಿಕೆಗಳಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಹೆಸರು ಬರ್ತದೆ. 1843ರ ಜುಲೈ 1ರಂದು ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದವರು ಅವರು. ಶಾಲೆಯ ರಸಪ್ರಶ್ನೆಯಲ್ಲಿ ಇದು ಖಾಯಂ ಪ್ರಶ್ನೆ. ಉತ್ತರ ಹೇಳಿದರೆ ಒಂದು ಅಂಕ ಸಿಗ್ತದೆ, ಅಲ್ಲಿಗೆ ಮೊಗ್ಲಿಂಗ್ ಮುಗಿದ ಹಾಗೆ. ಆದರೆ ಅವರ ಬದುಕಿನ ಕೊನೆಯ ಭಾರತದ ವರ್ಷಗಳು ಕಳೆದದ್ದು ಕೊಡಗಿನಲ್ಲಿ. ಅಲ್ಲಿ ಅವರ ಕೈಹಿಡಿದು ಹೊಸ ಊರು ಕಟ್ಟಿಕೊಂಡವರು ಪತ್ರಿಕೆ ಓದುವವರಲ್ಲ, ಒಡೆಯನ ಗದ್ದೆಯಲ್ಲಿ ಹುಟ್ಟಿ ಅದೇ ಗದ್ದೆಯಲ್ಲಿ ಸಾಯುತ್ತಿದ್ದ ನಮ್ಮಂಥವರು. ಆ ಭಾಗವನ್ನು ರಸಪ್ರಶ್ನೆಯಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಸಂಘದ ಈ ವಾರ್ಷಿಕೋತ್ಸವದ ಸಂಚಿಕೆಯಲ್ಲಾದರೂ ಅದನ್ನು ಹೇಳಬೇಕು ಅಂತ ನನ್ನ ಆಸೆ.

ಒಂದು ಮಾತು ಮೊದಲೇ. ಆ ಕಾಲದ ದಾಖಲೆಗಳಲ್ಲಿ ನಮ್ಮ ಜನರನ್ನು ಹೊಲೆಯರು ಎಂದೇ ಬರೆದಿದ್ದಾರೆ. ಬೈಗುಳವಾಗಿ ಕೇಳಿ ಕೇಳಿ ನೋವು ತಂದ ಪದ ಅದು. ಚರಿತ್ರೆ ಹೇಳುವಾಗ ಬೇರೆ ದಾರಿ ಇಲ್ಲದ ಕಡೆ ಮಾತ್ರ ಅದನ್ನು ಬಳಸಿದ್ದೇನೆ.

ಜರ್ಮನಿಯಿಂದ ಮಂಗಳೂರಿಗೆ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಪೇಟೆಯಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದರು. ಊರಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಾಗಿತ್ತು. ಅದನ್ನು ಬಿಟ್ಟು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿಗೆ ಸೇರಿ ಹಡಗು ಹತ್ತಿದರು. 1836ರ ಕೊನೆಗೆ ಮಂಗಳೂರಿಗೆ ಮುಟ್ಟುವಾಗ ಅವರಿಗೆ ವಯಸ್ಸು ಇಪ್ಪತ್ತೈದು.

ಬಾಸೆಲ್ ಮಿಶನ್ ಇಲ್ಲಿಗೆ ಬಂದು ಆಗ ಎರಡೇ ವರ್ಷ ಆಗಿತ್ತು. ಈಸ್ಟ್ ಇಂಡಿಯಾ ಕಂಪೆನಿ ಮೊದಲು ಬ್ರಿಟಿಷರಲ್ಲದ ಮಿಶನರಿಗಳಿಗೆ ಇಲ್ಲಿ ನೆಲೆಸಲು ಬಿಡುತ್ತಿರಲಿಲ್ಲ. 1833ರ ಕಾನೂನು ಆ ಬಾಗಿಲನ್ನು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಂದರೆ ಶಿಲುಬೆ ಬಂದದ್ದು ಕಂಪೆನಿ ಸರ್ಕಾರ ಬಿಟ್ಟ ದಾರಿಯಲ್ಲಿ. ಮುಂದೆ 1840ರಲ್ಲಿ ಮಂಗಳೂರಿನ ಬಲ್ಮಠದ ಜಾಗವನ್ನು ಮಿಶನ್ನಿಗೆ ಕೊಟ್ಟವರೂ ಕೆನರಾ ಜಿಲ್ಲೆಯ ಕಲೆಕ್ಟರ್ ಬ್ಲೇರ್. ನಮ್ಮ ಕಾಸರಗೋಡು ಆಗ ಅದೇ ಕೆನರಾ ಜಿಲ್ಲೆಯ ಬೇಕಲ ತಾಲೂಕಿನಲ್ಲಿತ್ತು. ಸರ್ಕಾರ ಬೇರೆ, ಮಿಶನ್ ಬೇರೆ ಎಂಬುದು ಸತ್ಯ. ಆದರೆ ಎರಡೂ ಒಂದೇ ಬಿಳಿ ಬಣ್ಣ ಎಂದು ಊರವರಿಗೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಮೊಗ್ಲಿಂಗ್ ಬಂದು ಕೆಲವೇ ತಿಂಗಳಲ್ಲಿ, 1837ರ ಏಪ್ರಿಲಿನಲ್ಲಿ, ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕಂಪೆನಿಯ ವಿರುದ್ಧ ಮಂಗಳೂರಿನವರೆಗೆ ಬಂದು ಊರನ್ನು ಹಿಡಿಯಿತು. ಕಲ್ಯಾಣಪ್ಪನ ಕಾಟಕಾಯಿ ಎಂದು ನಮ್ಮ ಅಜ್ಜಂದಿರು ಹೇಳುವುದು ಅದನ್ನೇ. ಹೊಸದಾಗಿ ಬಂದ ಯುವಕನಿಗೆ ಈ ನಾಡು ತನ್ನದೇ ಆದ ಸಿಟ್ಟು, ತನ್ನದೇ ಆದ ನಂಬಿಕೆ ಇರುವ ನಾಡು ಎಂದು ಅಂದೇ ಗೊತ್ತಾಗಿರಬೇಕು.

ಅವರು ಬರುವಾಗ ಇಲ್ಲಿ ಏನಿತ್ತು?

ಮೊಗ್ಲಿಂಗ್ ಕಂಡ ತುಳುನಾಡಿನಲ್ಲಿ ನಮ್ಮ ಹಿರಿಯರು ಹೇಗಿದ್ದರು ಅಂತ ತಿಳಿಯದಿದ್ದರೆ ಮುಂದಿನ ಕತೆ ಅರ್ಥ ಆಗುವುದಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪೆನಿಯ ವೈದ್ಯ ಈ ಕರಾವಳಿಯಲ್ಲಿ ಪ್ರಯಾಣ ಮಾಡಿದ. ಬೇಕಲ, ಕಾಸರಗೋಡು, ಮಂಜೇಶ್ವರ ದಾಟಿ ಹೋದ ಆತ ಬತ್ತ, ತೆಂಗು, ಕರಿಮೆಣಸಿನ ಬೆಲೆಯನ್ನು ಬರೆದಿಟ್ಟ ಹಾಗೆಯೇ ಆಳುಗಳ ಬೆಲೆಯನ್ನೂ ಬರೆದಿಟ್ಟ. ಮೂಲದ ಆಳುಗಳು ಅಂದರೆ ಭೂಮಿಯ ಜೊತೆ ಸೇರಿಕೊಂಡವರು. ಭೂಮಿ ಕೈ ಬದಲಿಸಿದರೆ ಅವರೂ ಕೈ ಬದಲಿಸಬೇಕು. 1843ರಲ್ಲಿ ಕಂಪೆನಿ ಸರ್ಕಾರ ಐದನೇ ಕಾಯಿದೆ ತಂದು, ಆಳಿನ ಮೇಲೆ ಒಡೆತನ ಇದೆ ಎಂದು ಯಾರಾದರೂ ಕೋರ್ಟಿಗೆ ಬಂದರೆ ಒಪ್ಪುವುದಿಲ್ಲ ಎಂದಿತು. ಕಾಯಿದೆ ಕೋರ್ಟಿನಲ್ಲಿ ಉಳಿಯಿತು. ಗದ್ದೆಯಲ್ಲಿ ಪದ್ಧತಿ ಹಾಗೆಯೇ ನಡೆಯಿತು.

ಇಷ್ಟು ಕಷ್ಟದ ನಡುವೆ ನಮ್ಮವರ ಹತ್ತಿರ ಒಂದು ಸೊತ್ತು ಇತ್ತು. ಅದು ದೈವ. ಇಲ್ಲಿ ದೈವ ಅಂದರೆ ಆಕಾಶದಿಂದ ಇಳಿದವರು ಮಾತ್ರ ಅಲ್ಲ. ನಮ್ಮಂತೆಯೇ ಹುಟ್ಟಿ, ದುಡಿದು, ಅನ್ಯಾಯದಲ್ಲಿ ಸತ್ತು ಮಾಯವಾದವರೂ ದೈವವಾದರು. ಕೊರಗಜ್ಜ ಕೊರಗರ ಹುಡುಗ. ಮುದ್ದ, ಕಳಲ, ತನ್ನಿಮಾನಿಗ ಮೊಗೇರರ ಮಕ್ಕಳು. ನಮ್ಮ ತೆಂಕಿನಲ್ಲಿ ಕಟ್ಟುವ ಪೊಟ್ಟನ್ ತೆಯ್ಯಂ ಅಂತೂ ದಾರಿಗೆ ಅಡ್ಡ ನಿಂತು ಶಂಕರಾಚಾರ್ಯರ ಹತ್ತಿರವೇ ಜಾತಿಯ ಲೆಕ್ಕ ಕೇಳಿದ ಪುಲಯ. ಕೋಲದ ರಾತ್ರಿ ಬಣ್ಣ ಬಳಿದು, ಅಣಿ ಕಟ್ಟಿ, ಗಗ್ಗರ ಹಾಕುವವರು ನಲಿಕೆಯವರು, ಪರವರು, ಪಂಬದರು. ಸಂಧಿ ಹೇಳುವುದು ಮನೆಯ ಹೆಂಗಸರು. ಆ ರಾತ್ರಿ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲಬೇಕು. ದೈವ ನುಡಿ ಕೊಟ್ಟರೆ ಅವನು ತಲೆಬಾಗಬೇಕು.

ಬೆಳಗಾದರೆ? ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಹೊರಗೆ ನಿಂತು ಅಕ್ಕಿ ಇಸ್ಕೊಳ್ಳಬೇಕು. ರಾತ್ರಿಯ ಮರ್ಯಾದೆ ದೈವಕ್ಕೆ, ಹಗಲಿನ ಅವಮಾನ ಮನುಷ್ಯನಿಗೆ. ನಮ್ಮ ಪದ್ಧತಿಯ ಬಗ್ಗೆ ಅಭಿಮಾನದಿಂದ ಮಾತಾಡುವಾಗ ಈ ಬೆಳಗಿನ ಹೊತ್ತನ್ನು ಮರೆಯಬಾರದು.

ಬಲ್ಮಠದ ವರ್ಷಗಳು

ಮೊಗ್ಲಿಂಗ್ ಅವರು ಮೊದಲು ಧಾರವಾಡ, ಹುಬ್ಬಳ್ಳಿ ಕಡೆ ಓಡಾಡಿ ಕನ್ನಡ ಗಟ್ಟಿಮಾಡಿಕೊಂಡರು. ಆ ಕಾಲದಲ್ಲಿ ಅಲ್ಲಿ ಒಂದು ವಿಶೇಷ ನಡೆಯಿತು. ಕಾಲಜ್ಞಾನದ ಮಾತುಗಳನ್ನು ನಂಬುವ ಒಂದು ಗುಂಪಿನವರು ತಮ್ಮ ಗ್ರಂಥದಲ್ಲಿ ಹೇಳಿದ ಗುರುಗಳು ಇವರೇ ಇರಬಹುದು ಅಂತ ಮಿಶನರಿಗಳ ಹತ್ತಿರ ಬಂದರು. ದೊಡ್ಡ ಸಂಖ್ಯೆಯಲ್ಲಿ ಜನ ಸೇರ್ತಾರೆ ಎಂದು ಮಿಶನ್ ಆಸೆಪಟ್ಟಿತು, ಗದಗದ ಹತ್ತಿರ ಮಾಲಸಮುದ್ರದಲ್ಲಿ ಕೃಷಿ ಮಾಡುವ ನೆಲೆಯನ್ನೂ ಮಾಡಿತು. ಎಣಿಸಿದ ಹಾಗೆ ಆಗಲಿಲ್ಲ. ಆ ಜನ ತಮ್ಮ ನಂಬಿಕೆಯ ಕಣ್ಣಿನಿಂದ ಪಾದ್ರಿಗಳನ್ನು ನೋಡಿದರು, ಪಾದ್ರಿಗಳು ತಮ್ಮ ನಂಬಿಕೆಯ ಕಣ್ಣಿನಿಂದ ಆ ಜನರನ್ನು ನೋಡಿದರು. ಎರಡೂ ಕಡೆಯವರು ಒಂದೇ ಮಾತನ್ನು ಆಡಿ ಬೇರೆ ಬೇರೆ ಅರ್ಥ ಮಾಡಿಕೊಂಡರು ಅಂತ ಕಾಣ್ತದೆ.

ಮಂಗಳೂರಿಗೆ ತಿರುಗಿ ಬಂದ ಮೇಲೆ ಬಲ್ಮಠದಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಶಾಲೆ ಅವರ ಕೈಯಲ್ಲಿತ್ತು. ವಿದ್ಯಾರ್ಥಿಗಳ ಜೊತೆ ಒಂದೇ ಮನೆಯಲ್ಲಿ ಇದ್ದರು. ದೊರೆಯ ಹಾಗೆ ಬಂಗಲೆಯಲ್ಲಿ ಕೂತು ಪಾಠ ಮಾಡುವುದು ಅವರಿಗೆ ಇಷ್ಟವಿರಲಿಲ್ಲ. ಅವರ ಸಂಬಂಧಿ, ಗೊಡ್‌ಫ್ರಿ ವೈಗ್ಲೆ ಬೊಂಬಾಯಿಯಿಂದ ತಂದ ಕಲ್ಲಚ್ಚಿನ ಯಂತ್ರದಲ್ಲಿ 1841ರಿಂದ ಕನ್ನಡ ಪುಸ್ತಕಗಳು ಅಚ್ಚಾಗತೊಡಗಿದವು. ಮಂಗಳೂರ ಸಮಾಚಾರ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರ್ಕಾರದ ನಿರೂಪ, ಗಾದೆ, ಕತೆ, ದಾಸರ ಪದ ಎಲ್ಲ ಅದರಲ್ಲಿ ಇರುತ್ತಿತ್ತು. ಮರುವರ್ಷ ಅದು ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾಯ ಕೌಂಡಿನ್ಯ, ಇನ್ನಿಬ್ಬರ ಜೊತೆ, ಮೊಗ್ಲಿಂಗ್ ಅವರ ಕೈಯಿಂದ ದೀಕ್ಷಾಸ್ನಾನ ತೆಗೆದುಕೊಂಡ. ಊರೆಲ್ಲ ಗದ್ದಲವಾಯಿತು. ಮನೆಯವರು ಕೈಬಿಟ್ಟರು, ಹೆಂಡತಿ ಜೊತೆಗೆ ಬರಲಿಲ್ಲ. ಕೌಂಡಿನ್ಯ ತನ್ನ ಗುರುವಿನ ಹೆಸರನ್ನು ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ತಿರುಗಿ ಬಂದ. ಈ ಹೆಸರು ನೆನಪಿರಲಿ, ಮುಂದೆ ಬರ್ತದೆ.

ಆಗ ಮತ ಬದಲಿಸುವುದು ಅಂದರೆ ದೇವರ ಹೆಸರು ಬದಲಿಸುವುದು ಮಾತ್ರ ಆಗಿರಲಿಲ್ಲ. ಜಾತಿಯಿಂದ ಹೊರಗೆ ಹಾಕಿದರೆ ಒಕ್ಕಲು ಹೋಯಿತು, ಬಾವಿ ಹೋಯಿತು, ಕುಲಕಸುಬು ಹೋಯಿತು. ಆಸ್ತಿಯ ಪಾಲು ಉಳಿಯಲಿ ಅಂತ ಸರ್ಕಾರ 1850ರಲ್ಲಿ ಬೇರೆ ಕಾನೂನು ಮಾಡಬೇಕಾಯಿತು. ಪಾಲಿಗೆ ಆಸ್ತಿಯೇ ಇಲ್ಲದವರಿಗೆ ಆ ಕಾನೂನಿನಿಂದ ಏನು ಪ್ರಯೋಜನ? ಹಾಗಾಗಿ ಮಿಶನ್ ನೇಯ್ಗೆ ಶಾಲೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಮ್ಮ ಊರಿನ ಹಳೆ ಮನೆಗಳ ಮಾಡಿನಲ್ಲಿ ಕಾಣುವ ಮಂಗಳೂರು ಹಂಚು ಹುಟ್ಟಿದ್ದು ಈ ಅಗತ್ಯದಿಂದ. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವರಿಗೆ ಹೊರಗೆ ಹೊಟ್ಟೆಗೆ ಒಂದು ದಾರಿ ಬೇಕಿತ್ತು.

ಯಾರ ಹಾಡು ಅಚ್ಚಾಯಿತು, ಯಾರ ಹಾಡು ಆಗಲಿಲ್ಲ

1848ರಿಂದ 1853ರವರೆಗೆ ಮೊಗ್ಲಿಂಗ್ ಬಿಬ್ಲಿಯೊಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಮಾಡಿಸಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಅದರಲ್ಲಿ ಸೇರಿವೆ. ಖರ್ಚಿಗೆ ಹಣ ಕೊಟ್ಟವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಗಾದೆಗಳನ್ನೂ ಒಟ್ಟುಮಾಡಿದರು. ಕ್ರಿಸ್ತನ ಸುವಾರ್ತೆ ಸಾರಲು ಬಂದ ಮನುಷ್ಯ ಬಸವಣ್ಣನ ಕತೆಯನ್ನು, ಪುರಂದರ, ಕನಕರ ಹಾಡನ್ನು ಗೆದ್ದಲ ಬಾಯಿಯಿಂದ ಉಳಿಸಿದರು. ಇದಕ್ಕೆ ಕನ್ನಡಿಗರೆಲ್ಲರೂ ಋಣಿಗಳು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಸರಿಯಾಗಿಯೇ ಇತ್ತು.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಇರುವುದೆಲ್ಲ ತಾಳೆಗರಿಯಲ್ಲಿ ಇದ್ದದ್ದು. ಮಠದಲ್ಲಿ, ದೊಡ್ಡ ಮನೆಯ ಪೆಟ್ಟಿಗೆಯಲ್ಲಿ ಇದ್ದದ್ದು. ನಮ್ಮವರ ಹತ್ತಿರ ತಾಳೆಗರಿ ಇರಲಿಲ್ಲ. ನಮ್ಮ ಪುರಾಣ ನಮ್ಮ ಬಾಯಿಯಲ್ಲಿತ್ತು. ನಾಟಿಯ ಗದ್ದೆಯಲ್ಲಿ ಅಜ್ಜಿಯಂದಿರು ಹೇಳುತ್ತಿದ್ದ ಪಾಡ್ದನ ಬಲ್ಮಠದ ಕಲ್ಲಚ್ಚಿನವರೆಗೆ ಆ ಕಾಲದಲ್ಲಿ ಮುಟ್ಟಲಿಲ್ಲ. ಮೇಲಿನವರ ದೇವರಿಗೆ ಪುಸ್ತಕ ಇತ್ತು, ಹಾಗಾಗಿ ಪಾದ್ರಿಗಳು ಅದನ್ನು ಧರ್ಮ ಎಂದು ಓದಿದರು, ಅದರ ಜೊತೆ ವಾದ ಮಾಡಿದರು. ನಮ್ಮ ದೈವಕ್ಕೆ ಪುಸ್ತಕ ಇರಲಿಲ್ಲ, ಹಾಗಾಗಿ ಅದನ್ನು ಪಿಶಾಚಿ ಎಂದು ಕರೆದರು. ಭೂತ ಎಂಬ ಮಾತಿಗೆ ಹಿಂದೆ ಇದ್ದದ್ದು, ಇದ್ದವರು ಎಂಬ ಅರ್ಥವೂ ಉಂಟು. ಅವರ ಕಿವಿಗೆ ಅದು ಸೈತಾನನ ಹಾಗೆ ಕೇಳಿತು. ಮಿಶನ್ನಿನ ವರದಿಗಳಲ್ಲಿ ನಮ್ಮ ಕೋಲ, ನೇಮ ಎಲ್ಲ ಪಿಶಾಚಿ ಸೇವೆಯೇ. ಎಷ್ಟೋ ವರ್ಷ ಕಳೆದು, 1886ರಲ್ಲಿ, ಅದೇ ಮಿಶನ್ನಿನ ಆಗಸ್ಟ್ ಮ್ಯಾನರ್ ಅವರು ಪಾಡ್ದನಗಳನ್ನು ಅಚ್ಚು ಮಾಡಿಸಿದರು. ಅವುಗಳಲ್ಲಿ ಕೆಲವನ್ನು ಬರ್ನೆಲ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಅನುವಾದ ಮಾಡಿದ್ದರು. ಅದು 1894ರಿಂದ ಪತ್ರಿಕೆಯಲ್ಲಿ ಪ್ರಕಟ ಆಗುವಾಗ ತಲೆಬರಹ ತುಳುವರ ಪಿಶಾಚಾರಾಧನೆ ಎಂಬ ಅರ್ಥದ್ದು. ಹಾಡನ್ನು ಉಳಿಸಿದರು, ಹೆಸರನ್ನು ಕೆಡಿಸಿದರು.

ಬರೆದಿಟ್ಟದ್ದಕ್ಕೆ ಮರ್ಯಾದೆ, ಬರೆಯದ್ದಕ್ಕೆ ಅವಮಾನ ಎಂಬ ಈ ಅಳತೆಗೋಲು ಪಾದ್ರಿಗಳಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಊರಿನ ಮೇಲಿನವರದ್ದೂ ಅದೇ ಅಳತೆ. ಎರಡು ಕಡೆಯಿಂದಲೂ ನಮ್ಮವರ ನಂಬಿಕೆ ಸಣ್ಣದಾಯಿತು.

ಕೊಡಗು ಮತ್ತು ಆನಂದಪುರ

ನಮ್ಮ ಕಾರಡ್ಕದ ಮೇಲೆ ಹೋಗುವ ಚೆರ್ಕಳ–ಜಾಲ್ಸೂರು ರಸ್ತೆ ಹಿಡಿದರೆ ಸುಳ್ಯ ಸಿಗ್ತದೆ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ನಮ್ಮ ಪಯಸ್ವಿನಿ ಹೊಳೆ ಹುಟ್ಟುವುದೂ ಆ ಮಲೆಯಲ್ಲೇ. ಆ ಕೊಡಗಿನಿಂದ ಅಲಮಂಡ ಸೋಮಯ್ಯ ಎಂಬೊಬ್ಬ ಕೊಡವ ಮಂಗಳೂರಿಗೆ ಬಂದು 1853ರ ಜನವರಿಯಲ್ಲಿ ಕ್ರೈಸ್ತನಾದ. ಅವನ ಜೊತೆ ಮೊಗ್ಲಿಂಗ್ ಘಾಟಿ ಹತ್ತಿದರು. ಬಾಸೆಲಿನ ಆಡಳಿತದವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಅವರು ಲೆಕ್ಕಿಸಲಿಲ್ಲ.

ಕೊಡಗನ್ನು 1834ರಲ್ಲಿ ಚಿಕ್ಕವೀರ ರಾಜನಿಂದ ಬ್ರಿಟಿಷರು ತೆಗೆದುಕೊಂಡಿದ್ದರು. ಮೊಗ್ಲಿಂಗ್ ಅಲ್ಲಿಯ ರಾಜರ ಚರಿತ್ರೆ, ಕೊಡವರ ಮನೆಗಳು, ಹಿರಿಯರಿಗೆ ಎಡೆ ಇಡುವ ಪದ್ಧತಿ, ಕಾವೇರಿಯ ನಂಬಿಕೆ ಎಲ್ಲವನ್ನೂ ಬರೆದರು. 1855ರಲ್ಲಿ ಅದು ಇಂಗ್ಲಿಷಿನಲ್ಲಿ ಕೂರ್ಗ್ ಮೆಮಾಯರ್ಸ್ ಎಂಬ ಪುಸ್ತಕವಾಗಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡವರು ದೊಡ್ಡ ಸಂಖ್ಯೆಯಲ್ಲಿ ಬರ್ತಾರೆ ಎಂಬ ಆಸೆ ಅವರಿಗೆ ಇದ್ದಿರಬೇಕು. ಐನ್‌ಮನೆ, ಭೂಮಿ, ಕೋವಿ ಎಲ್ಲ ಇದ್ದ ಕೊಡವರು ಬರಲಿಲ್ಲ. ಬಂದವರು ಅವರ ಆಳುಗಳು.

ಕೊಡಗಿನಲ್ಲಿ ಹೊಲೆಯರನ್ನು ಎರಡು ವಿಧ ಮಾಡಿದ್ದರು. ಭೂಮಿ ಜಮ್ಮದವರು ಭೂಮಿಗೆ ಸೇರಿದವರು, ಒಕ್ಕಲು ಜಮ್ಮದವರು ಒಡೆಯನ ಮನೆತನಕ್ಕೆ ಸೇರಿದವರು. ಈ ಜನ ಮೊಗ್ಲಿಂಗ್ ಅವರ ಹತ್ತಿರ ಬರತೊಡಗಿದಾಗ ಒಡೆಯರಿಗೆ ಸಿಟ್ಟು ಬಂತು. ಬಂದವರು ನಿಲ್ಲುವುದು ಎಲ್ಲಿ, ಉಣ್ಣುವುದು ಏನು ಎಂಬ ಪ್ರಶ್ನೆಯೂ ಬಂತು. ಆಗ ಮುಂದೆ ಬಂದವರು ಕೌಂಡಿನ್ಯ. ತನ್ನ ಸ್ವಂತ ಹಣದಿಂದ ಸಿದ್ದಾಪುರದ ಹತ್ತಿರ ಭೂಮಿ ಕೊಂಡರು. 1857ರ ಹೊತ್ತಿಗೆ ಅಲ್ಲಿ ಊರು ಎದ್ದಿತು. ಆನಂದರಾಯರ ಹೆಸರಿನಿಂದ ಅದು ಆನಂದಪುರ.

ಸ್ವಲ್ಪ ನಿಂತು ಯೋಚನೆ ಮಾಡಿ. ಒಬ್ಬ ಸಾರಸ್ವತ ಬ್ರಾಹ್ಮಣ, ಒಬ್ಬ ಜರ್ಮನ್ ಪಾದ್ರಿ, ಅವರ ಜೊತೆ ಕೊಡಗಿನ ಜೀತದಾಳುಗಳು. 1857ರಲ್ಲಿ ಒಂದೇ ಊರಿನಲ್ಲಿ, ಒಂದೇ ಪ್ರಾರ್ಥನೆಯಲ್ಲಿ. ನಮ್ಮ ದೇವಸ್ಥಾನಗಳ ಬಾಗಿಲು ಆಗ ಮಾತ್ರ ಅಲ್ಲ, ಅದರ ಮೇಲೆ ಎಂಬತ್ತು ವರ್ಷ ಕಳೆದರೂ ನಮಗೆ ತೆರೆದಿರಲಿಲ್ಲ. ಮಕ್ಕಳು ಅಕ್ಷರ ಕಲಿತರು. ಹೆಣ್ಣು ಮಕ್ಕಳೂ ಕಲಿತರು. ಒಡೆಯನ ಹೆಸರಿಲ್ಲದೆ ತಮ್ಮ ಊರಿನ ಹೆಸರು ಹೇಳಿಕೊಳ್ಳಬಹುದಾಯಿತು. ಇದನ್ನು ಸಣ್ಣ ಸಂಗತಿ ಎಂದು ಹೇಳುವವರಿಗೆ ಜೀತ ಅಂದರೆ ಏನೆಂದು ಗೊತ್ತಿಲ್ಲ.

ಇದರ ಇನ್ನೊಂದು ಬದಿಯೂ ಉಂಟು. ಮಿಶನ್ನಿನ ಊರಿನಲ್ಲಿ ನಿಲ್ಲಬೇಕಾದರೆ ಮಿಶನ್ನಿನ ಕಟ್ಟಳೆ ಪಾಲಿಸಬೇಕು. ಕಳ್ಳು ಬಿಡಬೇಕು, ದುಡಿ ಬಿಡಬೇಕು, ದೈವದ ಕಲ್ಲು ಬಿಡಬೇಕು, ಸತ್ತ ಹಿರಿಯರಿಗೆ ಬಡಿಸುವುದನ್ನು ಬಿಡಬೇಕು. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ನಮಗೆ ಇದು ಎಂಥ ದೊಡ್ಡ ಮಾತು ಎಂದು ಗೊತ್ತು. ತಾನು ಸ್ವರ್ಗಕ್ಕೆ ಹೋಗುವೆ ಎಂದು ನಂಬಿದವನಿಗೆ, ಜೀತದಲ್ಲೇ ಸತ್ತ ತನ್ನ ಅಪ್ಪ ಎಲ್ಲಿದ್ದಾನೆ ಎಂಬ ಪ್ರಶ್ನೆ ಬರುವುದಿಲ್ಲವೇ? ಮಿಶನ್ನಿನ ಹತ್ತಿರ ಅದಕ್ಕೆ ಸಮಾಧಾನದ ಉತ್ತರ ಇರಲಿಲ್ಲ. ನಮ್ಮ ಪದ್ಧತಿಯಲ್ಲಿ ಸತ್ತವನು ಎಲ್ಲೂ ಹೋಗುವುದಿಲ್ಲ, ಮನೆಯ ಮೂಲೆಯಲ್ಲೇ ಇರ್ತಾನೆ.

ಕಂಪೆನಿಯ ಕಾಲದ ಇನ್ನೊಂದು ಬದಲಾವಣೆಯೂ ಅದೇ ಹೊತ್ತಿಗೆ ಬಂತು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷ್ ದೊರೆ ಮಡಿಕೇರಿಯಲ್ಲಿ ಕಾಫಿ ತೋಟ ಹಾಕಿದ. ಆ ಮೇಲೆ ಕೊಡಗಿನ ಕಾಡೆಲ್ಲ ತೋಟವಾಯಿತು. ಜಮ್ಮದ ಕಟ್ಟು ಬಿಚ್ಚಿದ ಕೈಗಳಿಗೆ ಕಾಫಿ ತೋಟದ ಕೂಲಿ ಕಾದಿತ್ತು. ಬಿಳಿಯರೆಲ್ಲ ಬಿಡುಗಡೆ ಮಾಡಲು ಬಂದವರಲ್ಲ. ನಮ್ಮ ಕಣ್ಣೂರಿನ ಅಂಜರಕಂಡಿಯಲ್ಲಿ ಬ್ರೌನ್ ಎಂಬ ದೊರೆಯ ತೋಟದಲ್ಲಿ ದುಡಿದವರು ಕೊಂಡು ತಂದ ಪುಲಯರು. ಒಬ್ಬ ಬಿಳಿಯ ಕೊಂಡ, ಇನ್ನೊಬ್ಬ ಬಿಳಿಯ ಅವರಿಗೆ ಸುವಾರ್ತೆ ಹೇಳಿದ. ಇದೆಲ್ಲ ಒಂದೇ ಕಾಲದಲ್ಲಿ ನಡೆದದ್ದು.

ಆಫ್ರಿಕದಲ್ಲೂ ಇದೇ ಕತೆ

ಬಾಸೆಲ್ ಮಿಶನ್ ಮಂಗಳೂರಿಗೆ ಬರುವ ಮೊದಲೇ, 1828ರಲ್ಲಿ, ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಹೋಗಿತ್ತು. ಈಗಿನ ಘಾನಾ ಅದು. ಅಲ್ಲಿಯೂ ಕ್ರೈಸ್ತರಾದವರಿಗೆ ಹಳೆಯ ಊರಿನ ಬದಿಯಲ್ಲಿ ಬೇರೆ ಕೇರಿ ಕಟ್ಟಿದರು. ಅದಕ್ಕೆ ಸೇಲಂ ಎಂದು ಹೆಸರು. ನಮ್ಮ ಆನಂದಪುರದ ಆಫ್ರಿಕದ ತಂಗಿ ಅಂತ ಹೇಳಬಹುದು.

ನೈಜೀರಿಯಾದ ಇಗ್ಬೊ ಜನರ ನಡುವೆ ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿ 1857ರಲ್ಲಿ ಒನಿಟ್ಶಾ ಎಂಬಲ್ಲಿ ನೆಲೆಯೂರಿತು. ಆನಂದಪುರ ಎದ್ದದ್ದೂ ಅದೇ ವರ್ಷದ ಹೊತ್ತಿಗೆ. ಇಂಗ್ಲಿಷ್ ಸಾಹಿತ್ಯ ಓದುವ ನಮ್ಮ ಗೆಳೆಯರಿಗೆ ಚಿನುವ ಅಚಿಬೆಯವರ ಥಿಂಗ್ಸ್ ಫಾಲ್ ಅಪಾರ್ಟ್ ಗೊತ್ತಿರಬಹುದು. 1958ರ ಕಾದಂಬರಿ. ಅಚಿಬೆಯವರ ತಂದೆ ಅದೇ ಸೊಸೈಟಿಯ ಉಪದೇಶಿ. ಇಗ್ಬೊ ಜನರಲ್ಲಿ ಹಿರಿಯರ ಆತ್ಮಗಳು ಮುಖವಾಡ ಹಾಕಿ ಬಂದು ಊರಿನ ನ್ಯಾಯ ತೀರ್ಮಾನ ಮಾಡ್ತವೆ, ನಮ್ಮ ದೈವ ನುಡಿ ಕೊಟ್ಟ ಹಾಗೆಯೇ. ಆ ಜನರಲ್ಲೂ ಹೊರಗಿನವರು ಇದ್ದರು. ದೇವರಿಗೆ ಬಿಟ್ಟವರು ಎಂಬ ಹೆಸರಿನಲ್ಲಿ ಅವರನ್ನು ಒಸು ಎಂದು ದೂರ ಇಟ್ಟಿದ್ದರು. ಮದುವೆ ಇಲ್ಲ, ಸಭೆಯಲ್ಲಿ ಜಾಗ ಇಲ್ಲ, ತಲೆಗೂದಲು ಕತ್ತರಿಸುವ ಹಾಗಿಲ್ಲ. ಕಾದಂಬರಿಯಲ್ಲಿ ಚರ್ಚಿನ ಬಾಗಿಲಿಗೆ ಬೇಗ ಬಂದವರಲ್ಲಿ ಅವರೂ ಇದ್ದಾರೆ. ಚರ್ಚಿನೊಳಗೆ ಇದ್ದವರೇ ಮೊದಲು ಮುಖ ತಿರುಗಿಸ್ತಾರೆ, ಆ ಮೇಲೆ ಒಪ್ತಾರೆ.

ಆ ಕಾದಂಬರಿಯ ಒಕೊಂಕ್ವೊನಿಗೆ ಊರಿನ ಪದ್ಧತಿ ಒಡೆದದ್ದು ಸಾವಿಗಿಂತ ದೊಡ್ಡ ನಷ್ಟ. ಅವನು ಊರಿನ ದೊಡ್ಡ ಮನುಷ್ಯ. ಒಸುಗಳಿಗೆ ಅದೇ ಒಡಕಿನಲ್ಲಿ ಬೆಳಕು ಬಂತು. ಕೊಡಗಿನಲ್ಲಿಯೂ ಹಾಗೆಯೇ. ಹಳೆಯ ಪದ್ಧತಿ ಯಾರಿಗೆ ಮನೆಯಾಗಿತ್ತು, ಯಾರಿಗೆ ಬೇಲಿಯಾಗಿತ್ತು ಅಂತ ಕೇಳದೆ, ಕ್ರೈಸ್ತ ಮತ ಬಂದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಹೇಳಲು ಆಗುವುದಿಲ್ಲ. ನಮಗೆ ಅದು ಅರ್ಧ ಮನೆ, ಅರ್ಧ ಬೇಲಿ.

ಕೊನೆಯ ದಿನಗಳು

ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ಪೌಲಿನಾರನ್ನು ಮೊಗ್ಲಿಂಗ್ ಮದುವೆಯಾದರು. ಆಕೆಯ ಆರೋಗ್ಯ ಕೆಟ್ಟ ಕಾರಣ 1860ರಲ್ಲ��� ಊರಿಗೆ ಹೋದರು. ಮತ್ತೆ ಬರಲು ಆಗಲಿಲ್ಲ. ಅಲ್ಲಿಯೂ ಕನ್ನಡವನ್ನು ಬಿಡಲಿಲ್ಲ. ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದರು. 1881ರ ಮೇ 10ರಂದು ಎಸ್ಲಿಂಗನ್ ಎಂಬಲ್ಲಿ ತೀರಿಕೊಂಡರು. ಎಪ್ಪತ್ತು ತುಂಬಲು ಇನ್ನು 19 ದಿನ ಇತ್ತು. ತಲಶ್ಶೇರಿಯಲ್ಲಿ ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಅವರ ಜೀವದ ಗೆಳೆಯ. ಮರುವರ್ಷ ಅವರೇ ಮೊಗ್ಲಿಂಗ್ ಅವರ ಜೀವನಚರಿತ್ರೆ ಬರೆದರು. ಕೌಂಡಿನ್ಯರು 1893ರವರೆಗೆ ಬದುಕಿದರು.

ಪಾದ್ರಿಯ ಬದುಕನ್ನು ಗೆಳೆಯ ಬರೆದ. ಆನಂದಪುರಕ್ಕೆ ಮೊದಲು ನಡೆದು ಬಂದ ಆಳು ಮಕ್ಕಳು ಆ ರಾತ್ರಿ ಏನು ಮಾತಾಡಿಕೊಂಡರು, ದೈವದ ಕಲ್ಲನ್ನು ಎಲ್ಲಿ ಬಿಟ್ಟು ಬಂದರು, ಅಳುತ್ತಾ ಬಿಟ್ಟರೋ ನಗುತ್ತಾ ಬಿಟ್ಟರೋ, ಇದನ್ನು ಅವರ ಬಾಯಿಯಿಂದ ಕೇಳಿ ಬರೆದ ಪುಸ್ತಕ ನಮ್ಮ ಕೈಗೆ ಬಂದಿಲ್ಲ.

ನಮಗೆ ಇದರಿಂದ ಏನು?

ಮೊಗ್ಲಿಂಗ್ ತೀರಿಕೊಳ್ಳುವ ಎರಡು ವರ್ಷ ಮೊದಲು, 1879ರಲ್ಲಿ, ತಿರುವಿದಾಂಕೂರಿನ ಇರವಿಪೇರೂರಿನಲ್ಲಿ ಜೀತದ ಮನೆಯೊಂದರಲ್ಲಿ ಪೊಯ್ಕಯಿಲ್ ಯೋಹನ್ನಾನ್ ಹುಟ್ಟಿದರು. ಕ್ರೈಸ್ತರಾದರು, ಚರ್ಚಿನ ಒಳಗೂ ಜಾತಿಯನ್ನು ಕಂಡು ಹೊರಗೆ ಬಂದರು, ತಮ್ಮ ಜೀತದ ಪೂರ್ವಜರ ನೆನಪಿನ ಮೇಲೆ ಸ್ವಂತ ಸಭೆ ಕಟ್ಟಿದರು. ನಮ್ಮ ಕಾಸರಗೋಡಿನ ನೆಲದಲ್ಲೇ ಹುಟ್ಟಿದ ಕುದ್ಮುಲ್ ರಂಗರಾಯರು ಮತದ ಮಾತು ಬದಿಗಿಟ್ಟು 1892ರಲ್ಲಿ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಬಾಬಾಸಾಹೇಬರು ಎಲ್ಲ ಮತಗಳನ್ನೂ ಓದಿ ನೋಡಿ 1956ರ ಅಕ್ಟೋಬರ್ 14ರಂದು ಬುದ್ಧನ ದಾರಿ ಹಿಡಿದರು. ಒಂದೇ ಹಸಿವಿಗೆ ಬೇರೆ ಬೇರೆ ಉತ್ತರಗಳು.

ಈ ಪ್ರಶ್ನೆ ಹಳೆಯದಾಯಿತು ಅಂತ ಯಾರೂ ತಿಳಿಯಬೇಡಿ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಆನಂದಪುರದವರ ಮೊಮ್ಮಕ್ಕಳನ್ನು ಊರು ಹಳೆಯ ಜಾತಿಯಿಂದಲೇ ಗುರುತಿಸಿದರೂ ಕಾನೂನು ಗುರುತಿಸುವುದಿಲ್ಲ. ನಮ್ಮ ನಡುವೆ ದೈವ ನಂಬುವವರು, ಚರ್ಚಿಗೆ ಹೋಗುವವರು, ಬುದ್ಧನನ್ನು ನಂಬುವವರು, ಏನನ್ನೂ ನಂಬದವರು ಇದ್ದಾರೆ. ಯಾರು ಯಾವ ದಾರಿಯಲ್ಲಿ ಹೋದರೂ ಅವರು ನಮ್ಮವರೇ. ಸಂಘದ ಬಾಗಿಲು ಅವರಿಗೆ ಮುಚ್ಚಬಾರದು.

ಇನ್ನೊಂದು ಕೆಲಸ ಉಂಟು, ಅದು ನಮ್ಮ ಕೈಯಲ್ಲೇ ಇರುವುದು. ಮೊಗ್ಲಿಂಗ್ ಅವರಿಂದ ಕಲಿಯಬೇಕಾದದ್ದು ಅವರ ಹಠ. ಪರಭಾಷೆಯ ಮನುಷ್ಯ, ಕಲ್ಲಿನ ಮೇಲೆ ಅಕ್ಷರ ಮೂಡಿಸಿ, ಪರರ ಹಾಡನ್ನು ಉಳಿಸಿದರು. ನಮ್ಮ ಜೇಬಿನಲ್ಲಿ ಮೊಬೈಲ್ ಉಂಟು. ನಮ್ಮ ಕೇರಿಗಳಲ್ಲಿ ಸಂಧಿ ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ, ಆದರೆ ವರ್ಷ ವರ್ಷ ಕಡಿಮೆ ಆಗ್ತಾ ಇದ್ದಾರೆ. ಮುಂದಿನ ವಾರ್ಷಿಕೋತ್ಸವದ ಒಳಗೆ ಪ್ರತಿಯೊಬ್ಬ ಸದಸ್ಯ ಒಬ್ಬ ಹಿರಿಯರ ಹತ್ತಿರ ಕೂತು, ಅವರಿಗೆ ಗೊತ್ತಿರುವ ಸಂಧಿಯನ್ನೋ ಬದುಕಿನ ಕತೆಯನ್ನೋ ರೆಕಾರ್ಡ್ ಮಾಡಿ, ಕನ್ನಡ ಅಕ್ಷರದಲ್ಲಿ ಬರೆದು ಸಂಘಕ್ಕೆ ಕೊಡಲಿ. ತುಳುವಾದರೆ ತುಳುವಿನಲ್ಲಿ, ಮಲಯಾಳವಾದರೆ ಮಲಯಾಳದಲ್ಲಿ, ಅವರು ಹೇಳಿದ ಮಾತಿನಲ್ಲೇ. ಈ ಸಲ ಅದಕ್ಕೆ ಹೆಸರು ಇಡುವವರು ನಾವೇ ಆಗಿರೋಣ.